ಬೆಂಗಳೂರು ಈಗ ಐದು ಪಾಲಿಕೆ. ಮೊದಲು ಎರಡಿತ್ತಲ್ಲ, ಆ ದಂಡಿನ ಮುನಿಸಿಪಾಲಿಟಿ ಕತೆ ಯಾರಿಗಾದರೂ ಗೊತ್ತಾ?

ಕಾಕ್ಸ್‌ಟೌನ್ ಕಟ್ಟೆ

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದ ಮೇಲೆ ಎಲ್ಲಿ ನೋಡಿದರೂ ಒಂದೇ ಮಾತು. ಬೆಂಗಳೂರನ್ನು ಇದೇ ಮೊದಲ ಸಲ ಒಡೆದರಂತೆ. ಮೊದಲ ಸಲ ಅಲ್ಲವೇ ಅಲ್ಲ. 1949ರ ಡಿಸೆಂಬರ್‌ವರೆಗೂ ಈ ಊರಿಗೆ ಎರಡು ಮುನಿಸಿಪಾಲಿಟಿ ಇದ್ದವು. ಒಂದು ಪೇಟೆಯದು, ಇನ್ನೊಂದು ದಂಡಿನದು, ಅಂದರೆ ಕಂಟೋನ್ಮೆಂಟಿನದು. ದಂಡಿನದಕ್ಕೆ ಕಾಗದದ ಮೇಲೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಮುನಿಸಿಪಾಲಿಟಿ ಅಂತ ಹೆಸರು.

ನನಗೆ ತಿಳಿದಷ್ಟು ಬರೆಯುತ್ತೇನೆ, ಮುಂದಿನದನ್ನು ನೀವು ಸೇರಿಸಿ.

1799ರಲ್ಲಿ ಟಿಪ್ಪು ಸತ್ತ ಮೇಲೆ ಬ್ರಿಟಿಷರ ಸೈನ್ಯ ಶ್ರೀರಂಗಪಟ್ಟಣದಲ್ಲೇ ಠಿಕಾಣಿ ಹೂಡಿತ್ತು. ಅಲ್ಲಿ ಮಲೇರಿಯಾ ಕಾಟ. ಸಿಪಾಯಿಗಳು ಸಾಯೋದು ಜಾಸ್ತಿ ಆಯಿತು. ಹಾಗಾಗಿ 1809ರ ಹೊತ್ತಿಗೆ ದಂಡನ್ನು ಬೆಂಗಳೂರಿಗೆ ತಂದರು. ಪೇಟೆ ಒಳಗೆ ಅಲ್ಲ, ಪೂರ್ವಕ್ಕೆ ಹಲಸೂರಿನ ಪಕ್ಕ. ಮಧ್ಯೆ ಬಯಲು, ಸಂಪಂಗಿ ಕೆರೆ, ಆಮೇಲೆ 1870ರಲ್ಲಿ ಕಬ್ಬನ್ ಪಾರ್ಕ್.

1831ರಿಂದ 1881ರವರೆಗೆ ಇಡೀ ಮೈಸೂರು ರಾಜ್ಯವೇ ಬ್ರಿಟಿಷ್ ಕಮಿಷನರ್ ಕೈಲಿತ್ತಲ್ಲ, ಆಗ ಪೇಟೆ ಆದರೇನು ದಂಡು ಆದರೇನು, ಯಜಮಾನ ಒಬ್ಬನೇ. ನಿಜವಾದ ಗೆರೆ ಬಿದ್ದದ್ದು 1881ರಲ್ಲಿ. ರಾಜ್ಯವನ್ನು ಚಾಮರಾಜೇಂದ್ರ ಒಡೆಯರಿಗೆ ವಾಪಸ್ ಕೊಟ್ಟರು, ದಂಡನ್ನು ಮಾತ್ರ ಕೊಡಲಿಲ್ಲ. ಸುಮಾರು 13 ಚದರ ಮೈಲಿ ಜಾಗವನ್ನು ಬ್ರಿಟಿಷರಿಗೆ ವಹಿಸಿಕೊಟ್ಟ ಪ್ರದೇಶ ಅಂತ ಬೇರೆ ಮಾಡಿದರು. ಅಲ್ಲಿ ರೆಸಿಡೆಂಟ್ ಸಾಹೇಬರದೇ, ಅಂದರೆ ಮೈಸೂರು ರಾಜ್ಯಕ್ಕೆ ಬ್ರಿಟಿಷ್ ಸರ್ಕಾರ ನೇಮಿಸಿದ ಪ್ರತಿನಿಧಿಯದೇ ಆಡಳಿತ. ಅವರ ಬಂಗಲೆಯೇ ಇವತ್ತಿನ ರಾಜಭವನ.

ಅಂದರೆ ಕಬ್ಬನ್ ಪಾರ್ಕ್ ದಾಟಿದರೆ ಸರ್ಕಾರವೇ ಬೇರೆ. ಪೊಲೀಸರು ಬೇರೆ, ಕೋರ್ಟು ಬೇರೆ, ಕಾನೂನು ಬೇರೆ. ಈಗಿನ ಐದು ಪಾಲಿಕೆಗೂ ಆಗಿನ ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ಅಂತ ನನ್ನ ಅನಿಸಿಕೆ. ಈಗ ಒಂದೇ ಮನೆಯ ಪಾಲು. ಆಗ ಎರಡು ದೊರೆತನ. ಪಾರ್ಕಿನಲ್ಲಿ ನಿಂತಿರುವ ವಿಕ್ಟೋರಿಯಾ ರಾಣಿ ಪ್ರತಿಮೆ 1906ರದ್ದು. ಅದು ನಿಂತಿರುವುದು ಹೆಚ್ಚುಕಡಿಮೆ ಆ ಗಡಿಯ ಮೇಲೆಯೇ. ದಿನಾ ಸಾವಿರಾರು ಜನ ಅದರ ಮುಂದೆ ಸಿಗ್ನಲ್‌ಗೆ ಕಾಯುತ್ತಾರೆ, ಗಡಿ ದಾಟುತ್ತಿದ್ದೇವೆ ಅಂತ ಯಾರಿಗೂ ಅನ್ನಿಸಲ್ಲ.

ಪೇಟೆ ಹುಡುಗ

ಚೆನ್ನಾಗಿದೆ ಗುರು. ಆದರೆ ದಂಡನ್ನು ಊರು ಅಂತ ಕರೆಯೋದು ಸ್ವಲ್ಪ ಜಾಸ್ತಿ ಆಯ್ತು ಅಲ್ವಾ? ನಾಲ್ಕು ಬ್ಯಾರಕ್ಕು, ಹತ್ತು ಬಂಗಲೆ, ಒಂದು ಪರೇಡ್ ಮೈದಾನ. ಊರು ಅಂದರೆ ಪೇಟೆ. ಕೆಂಪೇಗೌಡರು ಕಟ್ಟಿದ್ದು, ಚಿಕ್ಕಪೇಟೆ, ಅಕ್ಕಿಪೇಟೆ, ಬಳೇಪೇಟೆ. ವ್ಯಾಪಾರ ಅಲ್ಲಿ, ಜಾತ್ರೆ ಅಲ್ಲಿ, ಕರಗ ಅಲ್ಲಿ.

ಕಾಕ್ಸ್‌ಟೌನ್ ಕಟ್ಟೆ

ಹುಡುಗ, ಒಂದು ಲೆಕ್ಕ ನೋಡು. 1901ರ ಜನಗಣತಿ. ಪೇಟೆ ಕಡೆ ಸಿಟಿಯಲ್ಲಿ 69,447 ಜನ. ದಂಡಿನಲ್ಲಿ 89,599. ಯಾವುದು ದೊಡ್ಡದು?

ಅಷ್ಟೂ ಜನ ಸಾಹೇಬರಲ್ಲ. ಸಾಹೇಬ ಒಬ್ಬ ಬಂದರೆ ಅವನ ಹಿಂದೆ ಅಡುಗೆಯವನು, ಕುದುರೆ ನೋಡಿಕೊಳ್ಳುವವನು, ದೋಬಿ, ದರ್ಜಿ, ಮಾಂಸದವನು, ಗಾರೆ ಕೆಲಸದವನು, ಲೇವಾದೇವಿ ಮಾಡುವವನು. ಮದ್ರಾಸ್ ಸೈನ್ಯದ ಜೊತೆ ಬಂದ ತಮಿಳರು, ತೆಲುಗರು, ಉರ್ದು ಮಾತಾಡುವ ವ್ಯಾಪಾರಿಗಳು, ಆಂಗ್ಲೋ ಇಂಡಿಯನ್ನರು. ಈಗಿನ ಶಿವಾಜಿನಗರ ಆಗ ಬ್ಲಾಕ್‌ಪಳ್ಳಿ. ಅಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಬಂಗಲೆ ಇದ್ದದ್ದು ಒಂದು ತುದಿಯಲ್ಲಿ, ಜನ ಇದ್ದದ್ದು ಇನ್ನೊಂದು ತುದಿಯಲ್ಲಿ. ಮುನಿಸಿಪಾಲಿಟಿಯ ತಲೆನೋವೆಲ್ಲ ಈ ಎರಡನೇ ತುದಿಯದು.

ರೈಲೂ ಮೊದಲು ಬಂದದ್ದು ದಂಡು ಸ್ಟೇಷನ್‌ಗೆ. 1864, ಜೋಲಾರಪೇಟೆ ಲೈನು. ಪೇಟೆ ಕಡೆಯ ಸ್ಟೇಷನ್ ಆಮೇಲಿನದು.

ಹಲಸೂರು ಅಕ್ಕ

ಇಬ್ಬರೂ ಜಗಳ ಆಡುತ್ತಾ ನಮ್ಮೂರನ್ನು ಮರೆತಿರಿ. ಹಲಸೂರು ದಂಡಿಗಿಂತ ಹಳೇದು ಕಣ್ರಪ್ಪಾ. ಸೋಮೇಶ್ವರ ದೇವಸ್ಥಾನ ನೋಡಿ, ಕೆರೆ ಪಕ್ಕ ಕೆಂಪೇಗೌಡರ ಗೋಪುರ ನೋಡಿ. ದಂಡು ನಮ್ಮ ಪಕ್ಕ ಬಂದು ಕೂತಿತು, ಆಮೇಲೆ ನಮ್ಮನ್ನೇ ತನ್ನ ಒಂದು ವಾರ್ಡ್ ಮಾಡಿಕೊಂಡಿತು. ಹಾಗಾಗಿ ಕೆಂಪೇಗೌಡರು ಪೇಟೆಯವರಿಗೆ ಮಾತ್ರ ಅನ್ನಬೇಡಿ.

ನಮ್ಮಜ್ಜಿ ಸಾಯೋವರೆಗೂ ಮೆಜೆಸ್ಟಿಕ್ ಕಡೆ ಹೋಗುವುದನ್ನು "ಸಿಟಿಗೆ ಹೋಗಿ ಬರ್ತೀನಿ" ಅನ್ನುತ್ತಿದ್ದರು. ನಾವು ಇದ್ದದ್ದೂ ಸಿಟಿಯಲ್ಲೇ, ಆದರೂ.

ಕಡತ ಕೀಟ

ಹುಟ್ಟಿನ ವಿಷಯಕ್ಕೆ ಒಂದೆರಡು ಮಾತು. ಎರಡೂ ಮುನಿಸಿಪಾಲಿಟಿ ಅಕ್ಕಪಕ್ಕದ ಕೂಸುಗಳೇ. 1850ರ ಪಟ್ಟಣ ಸುಧಾರಣೆ ಕಾಯ್ದೆ ಅಂತ ಒಂದಿತ್ತು. ಅದರ ಕೆಳಗೆ 1862ರ ಮಾರ್ಚ್ 27ರಂದು ಪೇಟೆಯ ಒಂಬತ್ತು ಜನ ಪ್ರಮುಖರು ಸೇರಿ ಒಂದು ಮಂಡಳಿ ಮಾಡಿಕೊಂಡರು. ದಂಡಿನಲ್ಲೂ ಅಂಥದೇ ಇನ್ನೊಂದು ಶುರುವಾಯಿತು. 1881ರಲ್ಲಿ ಎರಡಕ್ಕೂ ಕಾನೂನಿನ ಮುದ್ರೆ ಬಿತ್ತು. ಮಾರನೇ ವರ್ಷ ಅರ್ಧದಷ್ಟು ಸದಸ್ಯರನ್ನು ಚುನಾವಣೆಯಿಂದ ಆರಿಸುವ ಅವಕಾಶ, ಮನೆ ಕಂದಾಯ ಹಾಕುವ ಅಧಿಕಾರ ಎಲ್ಲ ಬಂತು. ಅಂದರೆ ಬೆಂಗಳೂರಿನ ಮುನಿಸಿಪಲ್ ಓಟಿಗೆ ಹತ್ತಿರ ಹತ್ತಿರ ನೂರೈವತ್ತು ವರ್ಷ. ಓಟು ಯಾರಿಗೆ ಇತ್ತು ಅನ್ನೋದು ಬೇರೆ ಮಾತು. ಕಂದಾಯ ಕಟ್ಟುವ ಮನೆ ಯಜಮಾನರಿಗೆ ಇತ್ತು, ಗಾಡಿ ಹೊಡೆಯುವವನಿಗೆ ಇರಲಿಲ್ಲ.

ಅಲ್ಲಿಂದ ಮುಂದೆ ದಾರಿ ಬೇರೆ ಆಯಿತು. ಪೇಟೆ ಕಡೆ ನಿಧಾನಕ್ಕೆ ಜನಪ್ರತಿನಿಧಿಗಳ ಕೈ ಮೇಲಾಯಿತು. ಸರ್ಕಾರಿ ಅಧಿಕಾರಿ ಅಲ್ಲದ ಅಧ್ಯಕ್ಷರು 1913ರಲ್ಲಿ ಬಂದರು, ಕೆ.ಪಿ. ಪುಟ್ಟಣ್ಣ ಚೆಟ್ಟರು. ಟೌನ್ ಹಾಲ್‌ಗೆ ಇರುವುದು ಅವರ ಹೆಸರೇ. ಕೆಲವು ವರ್ಷಕ್ಕೆ ಅಧ್ಯಕ್ಷರ ಆಯ್ಕೆಯೂ ಚುನಾವಣೆಯಿಂದ ಅಂತ ಆಯಿತು. ದಂಡಿನಲ್ಲಿ ಏನಾಯಿತು? 1926ರಲ್ಲಿ ಮುನಿಸಿಪಲ್ ಕಮಿಷನರ್ ಅಂತ ಒಬ್ಬ ಅಧಿಕಾರಿಯನ್ನು ನೇಮಿಸಿ ಕಾರ್ಯಭಾರ ಪೂರ್ತಿ ಅವನ ಕೈಗೆ ಕೊಟ್ಟರು. ಕೌನ್ಸಿಲ್ ಮಾತಾಡಬಹುದು, ಕೆಲಸ ಮಾಡುವವನು ಅವನು.

ಶಿವಾಜಿನಗರದ ರಸೆಲ್ ಮಾರ್ಕೆಟ್ ಎಲ್ಲರಿಗೂ ಗೊತ್ತಲ್ಲ. 1927ರಲ್ಲಿ ಕಟ್ಟಿದ್ದು. ಆ ರಸೆಲ್ ಯಾರು ಅಂದುಕೊಂಡಿರಿ? ವೈಸರಾಯ್ ಅಲ್ಲ, ಜನರಲ್ ಅಲ್ಲ. ಟಿ.ಬಿ. ರಸೆಲ್, ದಂಡಿನ ಮುನಿಸಿಪಲ್ ಕಮಿಷನರ್. ಪೇಟೆಯಲ್ಲಿ ಅಧ್ಯಕ್ಷರ ಹೆಸರಿನ ಟೌನ್ ಹಾಲ್, ದಂಡಿನಲ್ಲಿ ಕಮಿಷನರ್ ಹೆಸರಿನ ಮಾರ್ಕೆಟ್. ಇಷ್ಟರಲ್ಲೇ ಎರಡೂ ಕಡೆ ಯಾರ ಮಾತು ನಡೆಯುತ್ತಿತ್ತು ಅಂತ ಗೊತ್ತಾಗುತ್ತೆ.

ಪೇಟೆ ಹುಡುಗ

ಹಾಗಾದರೆ ಇವತ್ತು ಕಮಿಷನರ್ ದರ್ಬಾರು ನಡೆಯುತ್ತಿರುವುದಕ್ಕೆ ದಂಡೇ ಕಾರಣ ಅನ್ನಿ! ಎಲ್ಲದಕ್ಕೂ ಕಂಟೋನ್ಮೆಂಟ್‌ನವರೇ 😀

ಕಡತ ಕೀಟ

ಅಷ್ಟು ಸಲೀಸಾಗಿ ಹೇಳೋಕಾಗಲ್ಲ. ಬಲವಾದ ಕಮಿಷನರ್ ಪದ್ಧತಿ ಬೊಂಬಾಯಿಯ 1888ರ ಕಾಯ್ದೆಯಲ್ಲೇ ಇತ್ತು, ದೇಶದ ಬೇರೆ ದೊಡ್ಡ ಊರುಗಳೂ ಅದನ್ನೇ ಹಿಡಿದವು. ಆದರೆ ಬೆಂಗಳೂರಿನ ಮಟ್ಟಿಗೆ ಅದು ಮೊದಲು ಕಾಲಿಟ್ಟದ್ದು ದಂಡಿನಲ್ಲಿ. 1949ರಲ್ಲಿ ಎರಡನ್ನೂ ಸೇರಿಸಿ ಕಾರ್ಪೊರೇಷನ್ ಮಾಡಿದಾಗ ಮೇಯರ್ ಪದವಿ ಹೊಸದಾಗಿ ಬಂತು, ಕಾರ್ಯಭಾರ ಮಾತ್ರ ಕಮಿಷನರ್ ಹತ್ತಿರ ಉಳಿಯಿತು. ಬಹಳ ಕಾಲ ಮೇಯರ್ ಅವಧಿ ಒಂದೇ ವರ್ಷ. ಹಾರ ತುರಾಯಿ ಮುಗಿಯೋ ಹೊತ್ತಿಗೆ ಅವಧಿಯೂ ಮುಗಿದಿರುತ್ತಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿಯಿತು, ಅಲ್ಲಿಂದ ಬಿಬಿಎಂಪಿ ಇರುವವರೆಗೂ ಅಧಿಕಾರಿಗಳೇ ನಡೆಸಿದರು. ಐದು ವರ್ಷ ಚುನಾವಣೆ ಇಲ್ಲದೆ ಒಂದು ಮಹಾನಗರ ನಡೆಯುತ್ತೆ ಅಂದರೆ ಕೌನ್ಸಿಲ್‌ಗೆ ಮೊದಲಿಂದಲೂ ಎಷ್ಟು ಬೆಲೆ ಇತ್ತು ಅಂತ ನೀವೇ ಯೋಚಿಸಿ.

ಎಂಟನೇ ಕ್ರಾಸ್ ಮಲ್ಲೇಶ್ವರ

ಪ್ಲೇಗ್ ವಿಷಯ ಯಾರೂ ಎತ್ತಲಿಲ್ಲವಲ್ಲ. 1898ರ ಪ್ಲೇಗ್ ಗಡಿ ನೋಡಲಿಲ್ಲ, ಪೇಟೆಗೂ ಬಂತು ದಂಡಿಗೂ ಬಂತು. ಆದರೆ ಇಬ್ಬರೂ ತಮ್ಮ ತಮ್ಮ ದಾರಿಯಲ್ಲಿ ಬಡಾವಣೆ ಬೆಳೆಸಿದರು. ನಮ್ಮ ಕಡೆ ಮಲ್ಲೇಶ್ವರ, ಬಸವನಗುಡಿ. ಇವೆರಡರ ಕೆಲಸ ಪ್ಲೇಗಿಗಿಂತ ಮುಂಚೆಯೇ ಶುರುವಾಗಿತ್ತು, ರೋಗ ಬಂದ ಮೇಲೆ ಜನ ಓಡಿ ಬಂದರು. ಸೈಟುಗಳನ್ನು ಜಾತಿವಾರು ಹಂಚಿದ್ದರು ಅನ್ನೋದನ್ನೂ ಹೇಳಿಬಿಡಬೇಕು.

ದಂಡಿನ ಕಡೆ ಫ್ರೇಜರ್ ಟೌನ್ ಬಗ್ಗೆ ಕಾಕ್ಸ್‌ಟೌನ್‌ನವರು ಬರೆಯಲಿ. ನಿಮ್ಮ ಪಕ್ಕದ್ದೇ ಅಲ್ವಾ?

ಕಾಕ್ಸ್‌ಟೌನ್ ಕಟ್ಟೆ

ಬರೆಯುತ್ತೇನೆ ಸಾರ್. ನನ್ನ ಪ್ರಕಾರ ದಂಡಿನ ಮುನಿಸಿಪಾಲಿಟಿ ಮಾಡಿದ ಒಳ್ಳೇ ಕೆಲಸ ಅಂದರೆ ಇದೇ.

ಪ್ಲೇಗ್ ಕಳೆದ ಮೇಲೆ ಬ್ಲಾಕ್‌ಪಳ್ಳಿಯ ಇಕ್ಕಟ್ಟು ಕಡಿಮೆ ಮಾಡಬೇಕು ಅಂತ ತೀರ್ಮಾನ ಆಯಿತು. 1906ರಲ್ಲಿ ಹೊಸ ಬಡಾವಣೆಗೆ ಅಡಿಗಲ್ಲು ಹಾಕಿದರು. ಆಗಿನ ರೆಸಿಡೆಂಟ್ ಸ್ಟೂಅರ್ಟ್ ಫ್ರೇಜರ್ ಹೆಸರು ಅದಕ್ಕೆ. ಈ ಫ್ರೇಜರ್ ಮೊದಲು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಚಿಕ್ಕ ವಯಸ್ಸಿನಲ್ಲಿ ಪಾಠ ಹೇಳಿದವರು. ನಕ್ಷೆ ಮಾಡಿದ್ದು ಜೆ.ಎಚ್. ಸ್ಟೀಫನ್ಸ್ ಅನ್ನುವ ಮುನಿಸಿಪಲ್ ಅಧಿಕಾರಿ. ಪ್ಲೇಗ್ ತಡೆಯುವ ಊರು ಕಟ್ಟೋದು ಹೇಗೆ ಅಂತ ಆಮೇಲೆ ಪುಸ್ತಕವನ್ನೂ ಬರೆದರು. ಇಲಿ ನುಗ್ಗದ ಹಾಗೆ ಮನೆ ಕಟ್ಟಬೇಕು, ಗಾಳಿ ಬೆಳಕು ಬರಬೇಕು, ಸೈಟಿನ ತುಂಬ ಕಟ್ಟಡ ಎಬ್ಬಿಸಬಾರದು. ಅವರ ಯೋಚನೆ ಹೀಗಿತ್ತು.

ಆ ಹಳೇ ಭಾಗದಲ್ಲಿ ಇವತ್ತಿಗೂ ಮನೆ ಹಿಂದೆ ಹೋಗಿ ನೋಡಿ. ಎರಡು ಸಾಲು ಮನೆಗಳ ಹಿತ್ತಿಲ ನಡುವೆ ಸಣ್ಣ ಓಣಿ ಇರುತ್ತೆ, ಒಬ್ಬ ಕೈಗಾಡಿ ತಳ್ಳಿಕೊಂಡು ಹೋಗುವಷ್ಟು ಅಗಲ. ಕನ್ಸರ್ವೆನ್ಸಿ ಲೇನ್ ಅಂತಾರೆ. ಕಕ್ಕಸು ಬಳಿಯುವವರು ಮುಂಬಾಗಿಲಿಗೆ ಬರದೆ ಹಿಂದಿನಿಂದಲೇ ಬಂದು ಹೋಗಲಿ ಅಂತ ಮಾಡಿದ್ದು. ಈಗ ಕೆಲವು ಕಡೆ ಮನೆಯವರೇ ಒತ್ತಿಕೊಂಡು ವಾಷಿಂಗ್ ಮೆಷಿನ್ ಇಟ್ಟಿದ್ದಾರೆ. ಕೆಲವು ಕಡೆ ಡ್ರೈನೇಜ್ ಪೈಪು, ಕೇಬಲ್ಲು, ಬೆಕ್ಕು. ಪ್ಲೇಗಿಗೆ ಹೆದರಿ ಮಾಡಿದ ಊರಿನ ನಕ್ಷೆಯಲ್ಲೂ ಯಾರು ಯಾವ ಬಾಗಿಲಿಗೆ ಬರಬೇಕು ಅನ್ನೋದು ಮೊದಲೇ ತೀರ್ಮಾನ ಆಗಿತ್ತು. ಮಲ್ಲೇಶ್ವರದಲ್ಲೂ ಇದೇ ಓಣಿ ಇದೆ, ಅಲ್ವಾ ಸಾರ್?

ಎಂಟನೇ ಕ್ರಾಸ್ ಮಲ್ಲೇಶ್ವರ

ಇದೆ. ನಮ್ಮ ಮನೆ ಹಿಂದೆಯೇ ಇದೆ. ಈ ಒಂದು ವಿಷಯದಲ್ಲಿ ಎರಡೂ ಸರ್ಕಾರ ಒಂದೇ.

ಸ್ಯಾಂಕಿ ವಾಕರ್

ನೀರಿನ ಬಗ್ಗೆ ಸ್ವಲ್ಪ. ನಮ್ಮ ಸ್ಯಾಂಕಿ ಕೆರೆಯನ್ನು 1882ರಲ್ಲಿ ಕಟ್ಟಿಸಿದ್ದೇ ದಂಡಿಗೆ ನೀರು ಕೊಡೋಕೆ. 1876ರ ಬರಗಾಲದಲ್ಲಿ ಪಾಠ ಕಲಿತ ಮೇಲೆ. ಆಮೇಲೆ ಅದೂ ಸಾಲದೆ 1890ರ ದಶಕದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಹೆಸರಘಟ್ಟದಿಂದ ಪೈಪಿನ ನೀರು ಬಂತು. ಮೈಸೂರು ಸರ್ಕಾರದ ಕೆರೆ, ಮೈಸೂರು ಸರ್ಕಾರದ ಪೈಪು, ನೀರು ಮಾತ್ರ ಎರಡೂ ಊರಿಗೆ. 1933ರಲ್ಲಿ ತಿಪ್ಪಗೊಂಡನಹಳ್ಳಿ.

ಕಾನೂನು, ಕೋರ್ಟು ಎಷ್ಟೇ ಬೇರೆ ಇರಲಿ, ನೀರಿಗೆ ದಂಡು ಪೇಟೆಯ ಕಡೆಯೇ ಕೈ ಚಾಚಬೇಕಿತ್ತು. ಈಗ ಐದು ಪಾಲಿಕೆ ಆದರೂ ಜಲಮಂಡಳಿ ಒಂದೇ ಇದೆ. ಸುಮ್ನೆ ನೋಡಿ, ಊರು ಎಷ್ಟು ಹೋಳಾದರೂ ಕೊಳಾಯಿ ಒಂದೇ.

ಹಳೇ ಗುಮಾಸ್ತ

ನಾನು ವಕೀಲರ ಆಫೀಸಿನಲ್ಲಿ ಬಹಳ ವರ್ಷ ಕೆಲಸ ಮಾಡಿದವನು, ದಂಡಿನ ಆಸ್ತಿ ಕಾಗದ ತುಂಬ ನೋಡಿದ್ದೇನೆ. ಎಲ್ಲರೂ 1947ರ ಆಗಸ್ಟ್ 15 ಅಂತಾರೆ. ದಂಡಿನ ತಾರೀಖು ಅದಲ್ಲ. 1947ರ ಜುಲೈ 26. ಅವತ್ತು ಬ್ರಿಟಿಷರು ಸಿವಿಲ್ ಸ್ಟೇಷನ್ನನ್ನು ಮೈಸೂರು ಮಹಾರಾಜರಿಗೆ ವಾಪಸ್ ಕೊಟ್ಟರು. ಸ್ವಾತಂತ್ರ್ಯಕ್ಕೆ ಇಪ್ಪತ್ತು ದಿನ ಮುಂಚೆ.

ಇದರ ತಮಾಷೆ ನೋಡಿ. ಅರವತ್ತಾರು ವರ್ಷ ಬ್ರಿಟಿಷರ ಕೈ ಕೆಳಗಿದ್ದ ಜನ ರಾತ್ರೋರಾತ್ರಿ ಮಹಾರಾಜರ ಪ್ರಜೆಗಳಾದರು. ಆಗ ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರಕ್ಕೆ, ಅಂದರೆ ಜನಪ್ರತಿನಿಧಿಗಳ ಸರ್ಕಾರಕ್ಕೆ, ಚಳವಳಿ ಬಿಸಿ ಏರುತ್ತಿತ್ತು. ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿ ಆದರು. ಮೂರು ತಿಂಗಳಲ್ಲಿ ಮೂರು ಥರದ ಸರ್ಕಾರ ಕಂಡವರು ದಂಡಿನವರು.

ಜಾಗ ವಾಪಸ್ ಬಂದ ತಕ್ಷಣ ಕಾನೂನು ವಾಪಸ್ ಬರಲಿಲ್ಲ. ಮೈಸೂರಿನ ಕಾಯ್ದೆಗಳನ್ನು ಅಲ್ಲಿಗೆ ಅನ್ವಯಿಸೋಕೆ 1947ರಲ್ಲೊಂದು, 1948ರಲ್ಲೊಂದು ಬೇರೆ ಕಾಯ್ದೆಯೇ ಮಾಡಬೇಕಾಯಿತು. ಮುನಿಸಿಪಾಲಿಟಿ ಎರಡೂ ಹಾಗೇ ಮುಂದುವರಿದವು. 1949ರ ಡಿಸೆಂಬರ್ 8ರಂದು ಬೆಂಗಳೂರು ಸಿಟಿ ಕಾರ್ಪೊರೇಷನ್ ಕಾಯ್ದೆ ಜಾರಿಗೆ ಬಂದ ಮೇಲೆ ಒಂದಾಯಿತು. ಮಾರನೇ ವರ್ಷ ಚುನಾವಣೆ, 50 ಡಿವಿಷನ್, 70 ಜನ ಸದಸ್ಯರು.

ಆದರೆ ಕಾಗದದಲ್ಲಿ ದಂಡು ಸಾಯಲಿಲ್ಲ. ಆಮೇಲೆ ಎಷ್ಟೋ ದಶಕ ಬರೆದ ಕ್ರಯಪತ್ರಗಳಲ್ಲೂ ಆಸ್ತಿಯ ಷೆಡ್ಯೂಲಿನಲ್ಲಿ "ಸಿವಿಲ್ ಸ್ಟೇಷನ್, ಬೆಂಗಳೂರು" ಅಂತಲೇ ಇರುತ್ತೆ. ಹೊಸ ಹುಡುಗರು ಅದನ್ನು ಓದಿ ಪೊಲೀಸ್ ಸ್ಟೇಷನ್ ಪಕ್ಕದ ಮನೆಯಾ ಅಂತ ಕೇಳಿದ್ದೂ ಉಂಟು.

ಹಲಸೂರು ಅಕ್ಕ

ವಿಲೀನ ಅಂದರೆ ನಮ್ಮ ಕಡೆ ಎಲ್ಲರೂ ಕುಣಿದಾಡಲಿಲ್ಲ. ನಮ್ಮ ತಾತನ ಸ್ನೇಹಿತರಲ್ಲಿ ಬಹಳ ಜನಕ್ಕೆ ಭಯ ಇತ್ತಂತೆ. ಕಚೇರಿ ವ್ಯವಹಾರ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಹೋದರೆ ನಮ್ಮ ಗತಿ ಏನು, ನಮ್ಮ ರಸ್ತೆ ಗುಡಿಸುವ ದುಡ್ಡು ಅತ್ತ ಹೋಗುತ್ತಾ, ಹೀಗೆ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಉರ್ದು, ಸ್ಕೂಲಲ್ಲಿ ಇಂಗ್ಲಿಷ್ ಇದ್ದ ಜನ ಅವರು. ಅವರ ಮೊಮ್ಮಕ್ಕಳು ನಾವು ಈಗ ಇಲ್ಲಿ ಕನ್ನಡದಲ್ಲೇ ಜಗಳ ಆಡುತ್ತಿದ್ದೇವೆ, ಬಿಡಿ.

ಪೇಟೆ ಹುಡುಗ

ಅಕ್ಕ, ಅದು ಸರಿ. ಆದರೆ ಪೇಟೆಯವರಿಗೂ ಸಿಟ್ಟು ಇರೋದು ಸಹಜ ಅಲ್ವಾ? ವಿಲೀನ ಆದ ಮೇಲೂ ಅಗಲ ರಸ್ತೆ, ಮರ, ಫುಟ್‌ಪಾತ್ ಎಲ್ಲ ಎಂ.ಜಿ. ರೋಡ್ ಕಡೆಗೇ. ಸೌತ್ ಪರೇಡ್ ಅನ್ನೋ ಹೆಸರು ಹೋಗಿ ಗಾಂಧಿ ಹೆಸರು 1948ರಲ್ಲೇ ಬಂತು, ರಸ್ತೆಯ ಜಂಬ ಹೋಗಲಿಲ್ಲ. ನಮ್ಮ ಅವೆನ್ಯೂ ರೋಡ್ ಇವತ್ತಿಗೂ ಹೇಗಿದೆ ನೋಡಿ.

ಕಾಕ್ಸ್‌ಟೌನ್ ಕಟ್ಟೆ

ಎಂ.ಜಿ. ರೋಡ್ ದಂಡಿನ ಮುಖ ಅಷ್ಟೇ ಕಣೋ. ಶಿವಾಜಿನಗರದ ಸಂದಿಗಳಿಗೂ ನಿಮ್ಮ ಅವೆನ್ಯೂ ರೋಡಿಗೂ ಏನು ವ್ಯತ್ಯಾಸ ಹೇಳು? ದಂಡಿನ ಮುನಿಸಿಪಾಲಿಟಿ ದುಡ್ಡು ಸುರಿದದ್ದು ಸಾಹೇಬರು ಓಡಾಡುವ ಕಡೆ. ಬಡವರಿದ್ದ ಕಡೆ ರೋಗ ಬಂದಾಗ ಮಾತ್ರ ನೆನಪಾಗುತ್ತಿತ್ತು.

ಕ್ಯಾಂಪ್ ಬೆಳಗಾವಿ

ನಮಸ್ಕಾರ್ರೀ. ನಿಮ್ಮ ಇತಿಹಾಸ ನಮಗೆ ವರ್ತಮಾನ ನೋಡ್ರಿ. ಬೆಳಗಾವಿಯಲ್ಲಿ ಈಗಲೂ ಕಂಟೋನ್ಮೆಂಟ್ ಬೋರ್ಡ್ ಇದೆ. ನಾವು ಕ್ಯಾಂಪ್ ಅಂತೀವಿ. ರಸ್ತೆ ಈ ಕಡೆ ಮಹಾನಗರ ಪಾಲಿಕೆ, ಆ ಕಡೆ ರಕ್ಷಣಾ ಇಲಾಖೆ ಕೆಳಗಿನ ಬೋರ್ಡ್. ಬೋರ್ಡಿಗೆ ಅಧ್ಯಕ್ಷರು ಸೈನ್ಯದ ಅಧಿಕಾರಿ. ಮನೆಗೆ ಒಂದು ಕೋಣೆ ಜಾಸ್ತಿ ಕಟ್ಟಬೇಕು ಅಂದರೂ ನಿಯಮ ಬೇರೆ.

ಕ್ಯಾಂಪಿನ ನಾಗರಿಕ ಪ್ರದೇಶಗಳನ್ನು ಪಕ್ಕದ ಪಾಲಿಕೆಗೆ ಸೇರಿಸಬೇಕು ಅಂತ ಕೇಂದ್ರ ಹೊರಟಿದೆ. 2023ರಲ್ಲಿ ಹಿಮಾಚಲದ ಯೋಲ್‌ನಿಂದ ಶುರು ಮಾಡಿದರು. ನಮ್ಮಲ್ಲೂ ಅದೇ ಚರ್ಚೆ. ಬೆಂಗಳೂರಿನವರಿಗೆ ಒಂದು ಪ್ರಶ್ನೆ: ನಿಮ್ಮಲ್ಲಿ ಇಷ್ಟು ಸೈನ್ಯದ ಜಾಗ ಇದ್ದರೂ ಕಂಟೋನ್ಮೆಂಟ್ ಬೋರ್ಡ್ ಯಾಕಿಲ್ಲ?

ಕಡತ ಕೀಟ

ಒಳ್ಳೇ ಪ್ರಶ್ನೆ ಕೇಳಿದಿರಿ ಸಾಹೇಬ್ರೇ. ಬೆಳಗಾವಿ ಬೊಂಬಾಯಿ ಪ್ರಾಂತ್ಯದಲ್ಲಿತ್ತು, ಅಂದರೆ ನೇರ ಬ್ರಿಟಿಷ್ ಇಂಡಿಯಾ. 1947ರಲ್ಲಿ ಕ್ಯಾಂಪಿನ ಒಡೆತನ ಹೊಸ ಭಾರತ ಸರ್ಕಾರಕ್ಕೆ ಹಾಗೇ ಹೋಯಿತು. ನಮ್ಮ ದಂಡು ಮೈಸೂರಿನ ನೆಲ, ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದು ಆಡಳಿತವನ್ನು. ಹಾಗಾಗಿ ಅದು ಮೈಸೂರಿಗೇ ವಾಪಸ್ ಬರಬೇಕಾಯಿತು. ಬ್ಯಾರಕ್ಕು, ಪರೇಡ್ ಮೈದಾನದಂಥ ಸೈನ್ಯದ ಜಾಗ ರಕ್ಷಣಾ ಇಲಾಖೆ ಹತ್ತಿರ ಉಳಿಯಿತು, ಬಜಾರು ಮತ್ತು ಜನ ಕಾರ್ಪೊರೇಷನ್‌ಗೆ ಬಂದರು. ನಿಮ್ಮಲ್ಲಿ ಈಗ ಆಗಬೇಕು ಅಂತಿರುವ ವಿಭಜನೆ ನಮ್ಮಲ್ಲಿ ಆಗಲೇ ಆಗಿಹೋಯಿತು.

ಕ್ಯಾಂಪ್ ಬೆಳಗಾವಿ

ಈಗ ತಿಳೀತು ನೋಡ್ರಿ. ಇದನ್ನ ನಮ್ಮ ಗ್ರೂಪಿಗೆ ಹಾಕ್ತೀನಿ. ಪಾಲಿಕೆಗೆ ಸೇರಿದರೆ ಕಂದಾಯ ಜಾಸ್ತಿ ಆಗ್ತದ ಅಂತ ಅಲ್ಲಿ ದಿನಾ ಗದ್ದಲ.

ಎಂಟನೇ ಕ್ರಾಸ್ ಮಲ್ಲೇಶ್ವರ

ಒಂದು ಕುತೂಹಲ. ಹೊಸ ಐದರಲ್ಲಿ ಹಳೇ ದಂಡು ಎಲ್ಲಿ ಬಿತ್ತು?

ಕಾಕ್ಸ್‌ಟೌನ್ ಕಟ್ಟೆ

ನಾನು ಈ ಚರ್ಚೆ ಶುರು ಮಾಡಿದ್ದೇ ಅದಕ್ಕೆ ಸಾರ್. ಶಿವಾಜಿನಗರ, ಶಾಂತಿನಗರ ಕೇಂದ್ರ ಪಾಲಿಕೆಯಲ್ಲಿವೆ. ಅದೇ ಕೇಂದ್ರದಲ್ಲಿ ಚಿಕ್ಕಪೇಟೆ, ಗಾಂಧಿನಗರ, ಚಾಮರಾಜಪೇಟೆಯೂ ಇವೆ. ಅಂದರೆ ರಾಣಿ ಪ್ರತಿಮೆಯ ಎರಡೂ ಕಡೆ ಈಗ ಒಂದೇ ಪಾಲಿಕೆ. ಆದರೆ ಪುಲಕೇಶಿನಗರ, ಅಂದರೆ ನಮ್ಮ ಫ್ರೇಜರ್ ಟೌನ್ ಕಡೆ, ಉತ್ತರ ಪಾಲಿಕೆಗೆ ಹೋಯಿತು, ಯಲಹಂಕದ ಜೊತೆ. ಶಿವಾಜಿನಗರದ ಇಕ್ಕಟ್ಟು ತಾಳಲಾರದೆ ಅದೇ ಮುನಿಸಿಪಾಲಿಟಿ ಕಟ್ಟಿದ ಬಡಾವಣೆ ಇದು. ಹುಟ್ಟಿದಾಗಿನಿಂದ ಇವೆರಡೂ ಒಂದೇ ಕಚೇರಿ ಕೆಳಗಿದ್ದವು. ಪೇಟೆ ಮತ್ತು ದಂಡು ಸೇರಿದವು, ದಂಡೇ ಎರಡಾಯಿತು.

ಪೇಟೆ ಹುಡುಗ

ಹಾಗಾದರೆ ನಾನೂ ಶಿವಾಜಿನಗರದವರೂ ಈಗ ಒಂದೇ ಪಾಲಿಕೆ, ನೀನು ಬೇರೆ ಊರಿನವನು! ಇನ್ನು ಮೇಲೆ ದಂಡಿನ ಪರ ವಾದ ಮಾಡೋ ಹಕ್ಕು ನಿನಗಿಲ್ಲ ಗುರು.

ಹಲಸೂರು ಅಕ್ಕ

😂 ಸರಿ, ಆ ಹಳೇ ಮುನಿಸಿಪಾಲಿಟಿ ಕಟ್ಟಡ ಯಾವುದು ಅಂತ ಯಾರೂ ಹೇಳಲಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸೋಣ ಅಂತ.

ಹಳೇ ಗುಮಾಸ್ತ

ಮೇಯೋ ಹಾಲ್ ತಾಯಿ, ಎಂ.ಜಿ. ರೋಡ್ ತುದಿಯಲ್ಲಿ. 1872ರಲ್ಲಿ ಅಂಡಮಾನಿನಲ್ಲಿ ಕೊಲೆಯಾದ ವೈಸರಾಯ್ ಲಾರ್ಡ್ ಮೇಯೋ ನೆನಪಿಗೆ ಕಟ್ಟಿ 1883ರಲ್ಲಿ ತೆರೆದದ್ದು. ಮೇಲೆ ಸಭಾಂಗಣ, ಕೆಳಗೆ ಮುನಿಸಿಪಲ್ ಕಚೇರಿ. ಕೋರ್ಟುಗಳೂ ಅದೇ ಆವರಣದಲ್ಲಿ. ಈಗ ಮಹಡಿ ಮೇಲೆ ಕೆಂಪೇಗೌಡ ಮ್ಯೂಸಿಯಂ ಮಾಡಿದ್ದಾರೆ. ಪೇಟೆ ಹುಡುಗನನ್ನೂ ಜೊತೆಗೆ ಕರೆದುಕೊಂಡು ಹೋಗಿ, ಖುಷಿ ಆಗುತ್ತಾನೆ.

ಕೋರ್ಟು ಇರುವ ದಿನ ಪಾರ್ಕಿಂಗ್ ಸಿಗಲ್ಲ. ಮೆಟ್ರೋದಲ್ಲಿ ಹೋಗಿ ಎಂ.ಜಿ. ರೋಡ್ ಸ್ಟೇಷನ್‌ನಲ್ಲಿ ಇಳಿದು ನಡೆಯೋದೇ ವಾಸಿ.